ಮುಸುರೆಯ ಪಾತ್ರೆಯೂ ಪ್ಲಾಸ್ಟಿಕ್ ಬೋಗುಣಿಯೂ

ಚನ್ನಪಟ್ಟಣ ತಾಲ್ಲೂಕಿಗೆ ಸೇರಿದ ಬೈರಾಪಟ್ಟಣದಲ್ಲಿ ನಮಗೆ ಬೇಕಾದವರ ಮನೆಯೊಂದಿದೆ. ಹಿಂದೊಮ್ಮೆ ನಾವು ಅಲ್ಲಿಗೆ ಹೋಗಿದ್ದಾಗ ಮಧ್ಯಾಹ್ನದ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಳ್ಳುತ್ತ ಜಗಲಿಯಲ್ಲಿ ಕುಳಿತಿದ್ದೆವು. ಹಿತ್ತಲ ಕಡೆಯಿಂದ ಮಾತು ಏರುತ್ತ ಬಂದಿತು. ಆ ಮನೆಯ ಸೊಸೆ ಬೆಂಗಳೂರಿನಲ್ಲಿ ಓದಿ ಬಂದ ಹೆಣ್ಣುಮಗಳು. ಆಕೆ ಪೇಟೆಯಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಬೋಗುಣಿಯೊಂದನ್ನು ತಂದು, ಅದರಲ್ಲಿ ಸಾಬೂನು ನೀರು ತುಂಬಿ, ಮುಸುರೆಯ ಪಾತ್ರೆಗಳನ್ನು ಒಂದೊಂದಾಗಿ ಅದರಲ್ಲಿ ಮುಳುಗಿಸಿ ತೊಳೆಯುತ್ತಿದ್ದಳು. ಅತ್ತೆಯವರಿಗೆ ಅದು ಸರಿಬೀಳಲಿಲ್ಲ.

“ಎಂಜಲು ನೀರಲ್ಲೇ ಎಲ್ಲಾನೂ ಅದ್ದಿ ಅದ್ದಿ ತೆಗೀತೀಯಲ್ಲವ್ವ! ನಲ್ಲಿ ಬಿಟ್ಕೊಂಡು ತೊಳೀಬಾರದಾ?”

“ನಲ್ಲಿ ಬಿಟ್ಕೊಂಡ್ರೆ ಟ್ಯಾಂಕೇ ಬರಿದಾಯ್ತದಲ್ಲ ಅತ್ತೆ. ಸಾಯಂಕಾಲಕ್ಕೆ ನೀರು ಎಲ್ಲಿಂದ ತರೋಣ ಹೇಳಿ.”

ಇಬ್ಬರೂ ನಮ್ಮನ್ನು ಕರೆದು ನ್ಯಾಯ ಹೇಳಬೇಕೆಂದರು. ನಾವು ಬಹಳ ಓದಿದವರೆಂಬ ನಂಬಿಕೆ ಆ ಮನೆಯಲ್ಲಿ ಇನ್ನೂ ಉಳಿದಿದೆ. ಆದರೆ ಪಾತ್ರೆ ತೊಳೆಯುವ ವಿಷಯದಲ್ಲಿ ನಮ್ಮ ಅನುಭವವು ಅದುವರೆಗೆ ಉಂಡು ಕೈ ತೊಳೆಯುವುದರಲ್ಲಿಯೇ ಮುಗಿದಿದ್ದಿತು. “ಇಬ್ಬರ ಮಾತೂ ಸರಿ” ಎಂದು ಹೇಳಿ ಜಾರಿಕೊಂಡೆವು. ಇಬ್ಬರಿಗೂ ಸಮಾಧಾನವಾಗಲಿಲ್ಲ; ನಮಗೂ ಆಗಲಿಲ್ಲ. ಊರಿಗೆ ಬಂದ ಮೇಲೆ ಈ ವಿಷಯವಾಗಿ ಸ್ವಲ್ಪ ಓದಿದೆವು; ಕೆಲವು ದಿನ ನಮ್ಮ ಮನೆಯ ಪಾತ್ರೆಗಳನ್ನು ನಾವೇ ತೊಳೆದೆವು. ಹೀಗೆ ತಡವಾಗಿಯಾದರೂ ಸಿದ್ಧವಾದ ತೀರ್ಪನ್ನು ಇಂದು ಶ್ರೋತೃಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಹಳೆಯ ಮನೆಗಳ ಪದ್ಧತಿಯನ್ನು ನೆನೆದುಕೊಳ್ಳೋಣ. ನಲ್ಲಿ ಬರುವುದಕ್ಕೆ ಮುಂಚೆ ನಮ್ಮ ಸೀಮೆಯಲ್ಲಿ ಒಂದೊಂದು ಕೊಡ ನೀರನ್ನೂ ಬಾವಿಯಿಂದ ಸೇದಿ, ಇಲ್ಲವೆ ಕೆರೆ ಕಟ್ಟೆಗಳಿಂದ ಹೊತ್ತು ತರಬೇಕಾಗಿದ್ದಿತು. ಸೊಂಟದ ಮೇಲೆ ಬಂದ ನೀರಿನ ಬೆಲೆ ಸೊಂಟಕ್ಕೆ ಗೊತ್ತು. ಆದುದರಿಂದ ಪಾತ್ರೆ ತೊಳೆಯುವುದಕ್ಕೆ ಒಂದು ಕ್ರಮವಿದ್ದಿತು. ತಟ್ಟೆ, ತಪ್ಪಲೆಗಳಲ್ಲಿ ಉಳಿದ ಅನ್ನದ ಅಗುಳು, ಮುದ್ದೆಯ ಚೂರು, ಅಕ್ಕಿ ತೊಳೆದ ನೀರು, ಇವೆಲ್ಲ ಮೊದಲು ಕಲಗಚ್ಚಿನ ಬಾನಿಗೆ ಬೀಳುತ್ತಿದ್ದುವು. ಅದು ದನಗಳ ಪಾಲು. ಆ ಬಳಿಕ ಒಲೆಯ ಬೂದಿ, ಹುಣಸೆಹಣ್ಣು, ತೆಂಗಿನ ನಾರುಗಳಿಂದ ಉಜ್ಜುತ್ತಿದ್ದರು. ಬೂದಿಯಲ್ಲಿರುವ ಕ್ಷಾರವು ಜಿಡ್ಡಿನೊಡನೆ ಕೂಡಿ ಅದನ್ನು ಸಾಬೂನಿನಂತೆ ಮಾಡಿ ಬಿಡಿಸುವುದು. ಹುಣಸೆಯ ಹುಳಿಯು ಹಿತ್ತಾಳೆ ತಾಮ್ರಗಳ ಕಿಲುಬನ್ನು ಕರಗಿಸುವುದು. ಇಷ್ಟೆಲ್ಲ ಆದ ಮೇಲೆಯೇ ಒಂದು ಚೊಂಬು ತಿಳಿನೀರನ್ನು ಹೊಯ್ದು ಪಾತ್ರೆಯನ್ನು ಬೋರಲು ಹಾಕುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕೊಳೆ ಬಿಡಿಸುವುದು ಬೇರೆ, ಶುದ್ಧಮಾಡುವುದು ಬೇರೆ ಎಂಬ ವಿವೇಕವು ಆ ಪದ್ಧತಿಯಲ್ಲಿ ಅಡಗಿದ್ದಿತು. ಮೊದಲನೆಯ ಕೆಲಸಕ್ಕೆ ನಿಂತ ನೀರು ಸಾಕು, ಎರಡನೆಯದಕ್ಕೆ ಹೊಸ ನೀರು ಬೇಕು. ನಲ್ಲಿ ಬಂದಮೇಲೆ ಈ ಎರಡು ಕೆಲಸಗಳೂ ಒಂದರಲ್ಲೊಂದು ಬೆರೆತು ಹೋದುವು. ನಲ್ಲಿಯನ್ನು ತಿರುಗಿಸಿ, ಅದರ ಕೆಳಗೆ ತಟ್ಟೆಯನ್ನು ಹಿಡಿದು, ಉಜ್ಜುವುದನ್ನೂ ತೊಳೆಯುವುದನ್ನೂ ಒಟ್ಟಿಗೆ ನಡೆಸತೊಡಗಿದೆವು. ಉಜ್ಜುವಾಗ ಹರಿದುಹೋದ ನೀರು ಯಾವ ಕೆಲಸವನ್ನೂ ಮಾಡಲಿಲ್ಲ. ಅದು ಕೊಳೆಯನ್ನು ತೆಗೆಯಲಿಲ್ಲ, ತೆಗೆಯುವ ಸಾಬೂನನ್ನು ಮಾತ್ರ ಕೊಚ್ಚಿಕೊಂಡು ಹೋಯಿತು.

ಒಣಗಿದ ಕೊಳೆಯ ಸ್ವಭಾವವನ್ನು ತಿಳಿದರೆ ಇದು ಇನ್ನೂ ಸ್ಪಷ್ಟವಾಗುವುದು. ನಮ್ಮ ಕಡೆಯ ಮನೆಗಳಲ್ಲಿ ಎಲ್ಲಕ್ಕಿಂತ ಮೊಂಡುಬೀಳುವ ಪಾತ್ರೆಯೆಂದರೆ ಮುದ್ದೆಯ ಪಾತ್ರೆ. ರಾಗಿಹಿಟ್ಟಿನ ಪಿಷ್ಟವು ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವುದು; ಆರಿ ಒಣಗಿದ ಮೇಲೆ ಪಾತ್ರೆಯ ಗೋಡೆಗೆ ಗಾರೆಯಂತೆ ಹತ್ತುವುದು. ಅದರ ಮೇಲೆ ಎಷ್ಟು ನೀರನ್ನು ಹರಿಸಿದರೂ ಪ್ರಯೋಜನ ಅಲ್ಪ. ಅದೇ ಪಾತ್ರೆಗೆ ಒಂದು ಚೊಂಬು ನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಆ ಪದರವು ನೀರು ಕುಡಿದು ತಾನಾಗಿಯೇ ಸಡಿಲವಾಗುವುದು. ಕೈಯಿಂದ ಆಗಬೇಕಾದ ಕೆಲಸವನ್ನು ಕಾಲವೇ ಮಾಡುವುದು. ಹಾಲು, ಮೊಟ್ಟೆಗಳ ಪಾತ್ರೆಗೆ ಮೊದಲು ತಣ್ಣೀರನ್ನೇ ಹಾಕಬೇಕು. ಬಿಸಿನೀರು ಹಾಕಿದರೆ ಅವುಗಳ ಸಾರವು ಬೆಂದು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುವುದು. ಎಣ್ಣೆಯ ಬಾಂಡಲೆಗೆ ಮಾತ್ರ ಬಿಸಿನೀರು ಹಿತ. ಶಾಖಕ್ಕೆ ಜಿಡ್ಡು ಇಳಿಯುವುದು. ಹೀಗೆ ನೆನೆಯಹಾಕುವುದಕ್ಕೆ ನೀರು ನಿಲ್ಲಬೇಕು. ನೀರು ನಿಲ್ಲಬೇಕಾದರೆ ಬೋಗುಣಿಯೋ ಬಾನಿಯೋ ಬೇಕು. ಸೊಸೆಯ ಪಕ್ಷದಲ್ಲಿ ಸತ್ಯವಿರುವುದು ಇಲ್ಲಿ.

ಇನ್ನು ಅತ್ತೆಯವರ ಆಕ್ಷೇಪಣೆ. ಎಂಜಲೆಂಬ ಮಾತನ್ನು ಕೇಳಿದೊಡನೆ ಓದಿದವರಲ್ಲಿ ಕೆಲವರು ಮುಗುಳ್ನಗುವುದುಂಟು. ಈ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದೆಂದು ನಮಗೆ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಉಜ್ಜಿದ ತಟ್ಟೆಯೊಂದು ಸಾಬೂನು ನೀರಿನಿಂದ ಹೊರಗೆ ಬರುವಾಗ ಒಂದು ಚಮಚದಷ್ಟು, ಎಂದರೆ ೫ ಮಿಲಿಲೀಟರ್, ಕೊಳೆನೀರನ್ನು ಮೈಗೆ ಅಂಟಿಸಿಕೊಂಡು ಬರುವುದೆಂದು ಇಟ್ಟುಕೊಳ್ಳೋಣ. ಅದನ್ನು ೫ ಲೀಟರ್ ತಿಳಿನೀರಿನಲ್ಲಿ ಅದ್ದಿದರೆ ಆ ಕೊಳೆಯು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವುದು. ಬಹಳ ಚೆನ್ನಾಯಿತು. ಆದರೆ ಎರಡನೆಯ ತಟ್ಟೆ ಬೀಳುವುದೂ ಅದೇ ನೀರಿಗೆ, ಮೂರನೆಯದೂ ಅದಕ್ಕೇ. ಇಪ್ಪತ್ತು ತಟ್ಟೆಗಳಾಗುವ ಹೊತ್ತಿಗೆ ೧೦೦ ಮಿಲಿಲೀಟರ್ ಕೊಳೆನೀರು ಅದರಲ್ಲಿ ಬೆರೆತಿರುತ್ತದೆ. ಎಂದರೆ ಐವತ್ತರಲ್ಲಿ ಒಂದು ಪಾಲು. ಮೊದಲು ಅದ್ದಿದ ತಟ್ಟೆಗೂ ಕೊನೆಯಲ್ಲಿ ಅದ್ದಿದ ತಟ್ಟೆಗೂ ಇಪ್ಪತ್ತರಷ್ಟು ವ್ಯತ್ಯಾಸ. “ಅದ್ದಿ ಅದ್ದಿ ತೆಗೀತೀಯಲ್ಲವ್ವ” ಎಂದ ಅತ್ತೆಯವರು ಇದನ್ನು ಲೆಕ್ಕ ಕಲಿಯದೆಯೇ ಕಂಡಿದ್ದರು.

ಆದರೆ ಈ ದೋಷಕ್ಕೆ ನಲ್ಲಿಯನ್ನು ಇಪ್ಪತ್ತು ನಿಮಿಷ ಬಿಟ್ಟಿರುವುದು ಪರಿಹಾರವಲ್ಲ. ಆ ಕೊನೆಯ ತಟ್ಟೆಯ ಮೇಲೆ ಒಂದು ಲೋಟ ಹೊಸ ನೀರನ್ನು, ೨೦೦ ಮಿಲಿಲೀಟರ್ ಎನ್ನೋಣ, ಸುತ್ತಲೂ ಹೊಯ್ದರೆ ಉಳಿದ ಕೊಳೆಯು ಮತ್ತೆ ನಲವತ್ತರಲ್ಲಿ ಒಂದು ಪಾಲಾಗುವುದು. ಐವತ್ತನ್ನು ನಲವತ್ತರಿಂದ ಗುಣಿಸಿದರೆ ಎರಡು ಸಾವಿರ. ಎಲ್ಲಕ್ಕಿಂತ ಕೆಟ್ಟ ತಟ್ಟೆಯೂ ಈಗ ಮೊದಲಿನ ತಟ್ಟೆಗಿಂತ ಚೊಕ್ಕಟವಾಯಿತು. ಇಪ್ಪತ್ತು ತಟ್ಟೆಗಳಿಗೆ ಇಪ್ಪತ್ತು ಲೋಟವಾದರೆ ೪ ಲೀಟರ್. ಸಾಬೂನಿನ ಬೋಗುಣಿಗೆ ೫, ಜಾಲಿಸುವ ಬೋಗುಣಿಗೆ ೫. ಒಟ್ಟು ೧೪ ಲೀಟರುಗಳಲ್ಲಿ ಮುಗಿಯಿತು.

ಇದಕ್ಕೆ ಪ್ರತಿಯಾಗಿ ನಲ್ಲಿಯ ಲೆಕ್ಕವನ್ನು ಶ್ರೋತೃಗಳು ತಮ್ಮ ಮನೆಯಲ್ಲಿಯೇ ಹಾಕಿ ನೋಡಬಹುದು. ನಲ್ಲಿಯ ಕೆಳಗೆ ೧೦ ಲೀಟರಿನ ಬಕೆಟ್ಟನ್ನಿಟ್ಟು ಗಡಿಯಾರವನ್ನು ನೋಡಿರಿ. ಒಂದೂವರೆ ನಿಮಿಷದಲ್ಲಿ ತುಂಬಿದರೆ, ಇಪ್ಪತ್ತು ನಿಮಿಷಗಳಲ್ಲಿ ೧೩೦ ಲೀಟರಿಗೂ ಮೇಲ್ಪಟ್ಟು ನೀರು ಮೋರಿ ಸೇರಿತೆಂದು ತಿಳಿಯಿರಿ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರ್ ನೀರೆಂದು ಗೊತ್ತುಮಾಡಿತು. ಕುಡಿಯುವುದು, ಅಡಿಗೆ, ಸ್ನಾನ, ಬಟ್ಟೆ, ಎಲ್ಲವೂ ಅದರಲ್ಲಿಯೇ. ಆ ಲೆಕ್ಕದಲ್ಲಿ ಒಂದು ಹೊತ್ತಿನ ಮುಸುರೆಯು ಇಬ್ಬರ ಇಡೀ ದಿನದ ಪಾಲನ್ನು ನುಂಗಿ ಇನ್ನೂ ಮಿಗುವುದು.

ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯೂರೋಪಿನ ಏಳು ದೇಶಗಳ ಜನರಿಗೆ ಹನ್ನೆರಡು ಮಂದಿಯ ಊಟದ ಪಾತ್ರೆಗಳನ್ನು ಕೊಟ್ಟು ಕೈಯಿಂದ ತೊಳೆಯಹೇಳಿದಾಗ, ಸರಾಸರಿ ೧೦೩ ಲೀಟರ್ ನೀರು ಖರ್ಚಾಯಿತು. ಒಬ್ಬೊಬ್ಬರ ರೀತಿಗೂ ಅಜಗಜಾಂತರವಿದ್ದಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ೨೦೨೦ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಪಾತ್ರೆ ತೊಳೆಯುವ ಯಂತ್ರವು ನಲ್ಲಿ ಬಿಟ್ಟುಕೊಂಡು ತೊಳೆಯುವ ಕೈಗಿಂತ ಮೇಲೆಂದು ಕಂಡಿತು. ಆದರೆ ಒಂದರಲ್ಲಿ ಬಿಸಿ ಸಾಬೂನು ನೀರು, ಇನ್ನೊಂದರಲ್ಲಿ ತಣ್ಣನೆಯ ತಿಳಿನೀರು ಇಟ್ಟುಕೊಂಡು ಎರಡು ಬೋಗುಣಿಗಳಲ್ಲಿ ತೊಳೆಯುವ ಕೈಯು ಯಂತ್ರಕ್ಕಿಂತಲೂ ಕಡಿಮೆ ಅನಿಲವನ್ನು ವಾಯುಮಂಡಲಕ್ಕೆ ಹೊರಡಿಸಿತು. ಆ ವಿಮರ್ಶೆಯು ಯಂತ್ರ ತಯಾರಿಸುವ ಕಂಪೆನಿಯೊಂದರ ಧನಸಹಾಯದಿಂದಲೇ ನಡೆದದ್ದಾದ್ದರಿಂದ ಕೈಯ ಪರವಾದ ಆ ಮಾತಿಗೆ ಹೆಚ್ಚು ತೂಕವಿದೆ.

ಬೈರಾಪಟ್ಟಣದ ಒಂದು ಮನೆಯ ಹಿತ್ತಲ ಜಗಳವು ಬೆಂಗಳೂರಿನ ಶ್ರೋತೃಗಳಿಗೆ ಏನಾಗಬೇಕೆಂದು ಯಾರಾದರೂ ಕೇಳಬಹುದು. ಬೆಂಗಳೂರಿನ ನೀರಿನ ದಾರಿಯನ್ನು ನೋಡಿದರೆ ಸಂಬಂಧ ತಿಳಿಯುತ್ತದೆ. ೧೯೭೪ರಿಂದ ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಯಂತ್ರಗಳಿಂದ ಮೇಲಕ್ಕೆ ನೂಕಲ್ಪಟ್ಟು, ಸುಮಾರು ೧೦೦ ಕಿಲೋಮೀಟರ್ ದೂರವನ್ನೂ ಸುಮಾರು ೫೦೦ ಮೀಟರ್ ಎತ್ತರವನ್ನೂ ಹತ್ತಿ ನಗರವನ್ನು ಸೇರುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವು ಆರಂಭವಾಗಿ ದಿನಕ್ಕೆ ೭೭.೫ ಕೋಟಿ ಲೀಟರ್ ನೀರನ್ನು ತರುವ ಏರ್ಪಾಡಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ನಗರವು ನೀರಿಲ್ಲದೆ ತತ್ತರಿಸಿದ್ದಿತು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿಯು ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿ, ನಲ್ಲಿಗಳ ಬಾಯಿಗೆ ಹರಿವನ್ನು ತಗ್ಗಿಸುವ ಜಾಲರಿಗಳನ್ನು ಹಾಕಬೇಕೆಂದು ವಿಧಿಸಿದುದು ಎಲ್ಲರಿಗೂ ನೆನಪಿರಬಹುದು.

ಹತ್ತಿ ಬಂದ ನೀರು ಇಳಿದು ಹೋಗುವ ದಾರಿಯೂ ಈ ಸೀಮೆಯ ಮೇಲೆಯೇ. ನಗರದ ಪಶ್ಚಿಮ ಭಾಗದ ಮೋರಿಗಳ ನೀರು ವೃಷಭಾವತಿಗೆ ಬೀಳುತ್ತದೆ. ವೃಷಭಾವತಿಯು ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಕೂಡಿ, ಕನಕಪುರದ ಸೀಮೆಯಲ್ಲಿ ಹರಿದು, ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ. ಬೈರಮಂಗಲದ ಕೆರೆಯ ಬಾಯಿಯಲ್ಲಿ ಎದ್ದ ಬಿಳಿಯ ನೊರೆಯನ್ನು ಕಂಡವರು ಅದನ್ನು ಮರೆಯಲಾರರು. ಅದೆಲ್ಲವೂ ಅಡಿಗೆಮನೆಯ ನೊರೆಯೆಂದು ನಾವು ಹೇಳುವುದಿಲ್ಲ. ಕಾರ್ಖಾನೆಗಳ ಪಾಲೂ ಇದೆ, ಮಲಿನಜಲದ ಪಾಲೂ ಇದೆ. ಆದರೆ ಅಡಿಗೆಮನೆಯ ಪಾಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ನಲ್ಲಿಯ ಕೆಳಗೆ ತೊಳೆಯುವವರು ಪ್ರತಿ ತಟ್ಟೆಗೂ ಸ್ಪಂಜಿಗೆ ಹೊಸದಾಗಿ ಸಾಬೂನು ಹಾಕುವರು, ಏಕೆಂದರೆ ಹಿಂದೆ ಹಾಕಿದ್ದು ಹರಿದುಹೋಗಿರುತ್ತದೆ. ಬೋಗುಣಿಯಲ್ಲಿ ತೊಳೆಯುವವರು ಒಂದು ಚಮಚ ಹಾಕಿದರೆ ಅದೇ ಕೊನೆಯವರೆಗೆ ಬರುತ್ತದೆ. ಆ ಕೆರೆಯ ಕೆಳಗೆ ಗದ್ದೆ ತೋಟಗಳನ್ನು ಮಾಡುವ ರೈತನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಈಗ ಉಳಿದದ್ದು ಪ್ಲಾಸ್ಟಿಕ್ಕಿನ ಪ್ರಶ್ನೆ. ಬೋಗುಣಿ ಬೇಕೆಂದಾಯಿತು, ಅದು ಪ್ಲಾಸ್ಟಿಕ್ಕಿನದೇ ಆಗಬೇಕೆ?

ಚನ್ನಪಟ್ಟಣದವರಿಗೆ ಈ ವಸ್ತುವಿನ ಗುಣವನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿನ ಬೊಂಬೆಯ ಕುಶಲಿಗಳು ಚರಕಿಯಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಮೆತ್ತಗಾಗಿ ಮರಕ್ಕೆ ಹತ್ತಿ, ಆರಿದೊಡನೆ ಗಟ್ಟಿಯಾಗುವುದು. ಪ್ಲಾಸ್ಟಿಕ್ಕಿನ ಸ್ವಭಾವವೂ ಹೀಗೆಯೇ. ಅರಗನ್ನು ಕೊಡುವುದು ಹುಳು. ಪ್ಲಾಸ್ಟಿಕ್ಕನ್ನು ಕೊಡುವುದು ಕಲ್ಲೆಣ್ಣೆ. ಬೋಗುಣಿಗಳಿಗೆ ಹೆಚ್ಚಾಗಿ ಬಳಸುವ ಎರಡು ಬಗೆಗಳಲ್ಲಿ ಪಾಲಿಥೀನು ೧೯೩೩ರಲ್ಲಿ ಇಂಗ್ಲೆಂಡಿನ ರಸಾಯನಜ್ಞರಿಗೆ ಅಕಸ್ಮಾತ್ತಾಗಿ ದೊರೆಯಿತು; ಪಾಲಿಪ್ರೊಪಿಲೀನು ೧೯೫೪ರಲ್ಲಿ ಇಟಲಿಯಲ್ಲಿ ಸಿದ್ಧವಾಯಿತು. ಇವು ಕುದಿಯುವ ನೀರಿಗೆ ಕರಗುವುದಿಲ್ಲ. ಆದರೆ ತೆಳ್ಳಗಿನ ಬೋಗುಣಿಯು ಆ ಶಾಖಕ್ಕೆ ಮೆತ್ತಗಾಗಿ ಸೊಟ್ಟಗಾಗಬಹುದು. ಒಲೆಯಿಂದ ಇಳಿಸಿದ ಕಾದ ಬಾಂಡಲೆಯನ್ನು ಅದರಲ್ಲಿಟ್ಟರೆ ತಳವೇ ಹೋಗುವುದು.

ಪ್ಲಾಸ್ಟಿಕ್ಕಿನ ಗುಣಗಳನ್ನು ಅಲ್ಲಗಳೆಯಬಾರದು. ಅದು ಹಗುರ, ವಯಸ್ಸಾದ ಕೈಯೂ ತುಂಬಿದ ಬೋಗುಣಿಯನ್ನು ಎತ್ತಿ ಗಿಡದ ಬುಡಕ್ಕೆ ಚೆಲ್ಲಬಹುದು. ಸ್ಟೀಲಿನ ಸಿಂಕಿನಲ್ಲಿ ಗಾಜಿನ ಲೋಟ ಜಾರಿದರೆ ಒಡೆಯುವುದು, ಪ್ಲಾಸ್ಟಿಕ್ಕಿನಲ್ಲಿ ಜಾರಿದರೆ ಬಹುಶಃ ಉಳಿಯುವುದು. ಬೆಳಗಿನ ಜಾವದಲ್ಲಿ ತೊಳೆಯುವವರಿದ್ದರೆ ಮನೆಯವರ ನಿದ್ದೆಯೂ ಉಳಿಯುವುದು. ಬೆಲೆಯೂ ಕಡಿಮೆ.

ದೋಷಗಳೂ ಉಂಟು. ಪ್ಲಾಸ್ಟಿಕ್ಕಿಗೆ ಎಣ್ಣೆಯೊಡನೆ ನಂಟು ಹೆಚ್ಚು. ಜಿಡ್ಡು ಸ್ಟೀಲನ್ನು ಬಿಡುವಷ್ಟು ಸುಲಭವಾಗಿ ಇದನ್ನು ಬಿಡುವುದಿಲ್ಲ. ಅರಿಸಿನದ ಕಲೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ. ತಂತಿಯ ನಾರಿನಿಂದ ಉಜ್ಜಿದರೆ ಮೈಯೆಲ್ಲ ಗೀರು ಬೀಳುವುದು; ಗೀರಿನಲ್ಲಿ ಜಿಡ್ಡು ಸೇರಿ, ಜಿಡ್ಡಿನಲ್ಲಿ ಕ್ರಿಮಿಗಳು ಮನೆಮಾಡುವುವು. ತೇವವೂ ಎಂಜಲೂ ಇರುವ ಕಡೆಯಲ್ಲೆಲ್ಲ ಅವು ಬೆಳೆಯುತ್ತವೆಂಬುದಕ್ಕೆ ಸ್ಪಂಜೇ ಸಾಕ್ಷಿ. ೨೦೧೭ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ ಅಡಿಗೆಮನೆಯ ಸ್ಪಂಜುಗಳನ್ನು ಪರೀಕ್ಷಿಸಿ, ಕೆಲವು ಕಡೆ ಒಂದು ಘನ ಸೆಂಟಿಮೀಟರಿಗೆ ಸಾವಿರಾರು ಕೋಟಿ ಸೂಕ್ಷ್ಮಜೀವಿಗಳನ್ನು ಕಂಡರು. ಬೋಗುಣಿಯನ್ನು ಕೊಳೆನೀರಿನೊಡನೆ ರಾತ್ರಿಯೆಲ್ಲ ಬಿಟ್ಟರೆ ಅದಕ್ಕೂ ಇದೇ ಗತಿ. ಅಡಿಗೆಮನೆಯ ಬೋಗುಣಿ ಅಡಿಗೆಮನೆಗೇ ಮೀಸಲಾಗಿರಬೇಕೆಂಬುದನ್ನೂ, ಬಟ್ಟೆ ನೆನೆಸುವುದಕ್ಕೆ ಅದನ್ನೇ ಒಯ್ಯಬಾರದೆಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಮನೆಯಲ್ಲಿ ಅಗಲವಾದ ಸ್ಟೀಲಿನ ಬೇಸಿನ್ನೋ ಹಳೆಯ ದೊಡ್ಡ ತಪ್ಪಲೆಯೋ ಇದ್ದರೆ ಪ್ಲಾಸ್ಟಿಕ್ಕನ್ನು ಕೊಳ್ಳುವ ಅಗತ್ಯವಿಲ್ಲ. ಸ್ಟೀಲು ಬಿಸಿಗೂ ಜಿಡ್ಡಿಗೂ ಮೇಲು. ಇಲ್ಲದಿದ್ದರೆ ದಪ್ಪನೆಯ, ಒಳಮೈ ನುಣುಪಾದ ಪ್ಲಾಸ್ಟಿಕ್ ಬೋಗುಣಿಯನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಕೆಲಸ ಮುಗಿದೊಡನೆ ಅದನ್ನೂ ಒಂದು ಪಾತ್ರೆಯೆಂದೇ ಎಣಿಸಿ ತೊಳೆದು, ಬೋರಲು ಹಾಕಿ ಒಣಗಿಸಬೇಕು. ಗೀರು ಹೆಚ್ಚಾಗಿ ಒರಟಾದರೆ ಗಿಡದ ಕುಂಡವಾಗಿ ಮಾಡಬಹುದು.

ತೊಳೆಯುವ ಕ್ರಮವೂ ಕಠಿನವಲ್ಲ. ಎಂಜಲನ್ನು ಮೊದಲು ಬಳಿದು ತೆಗೆಯಿರಿ. ಸಾಬೂನು ಸೇರುವುದಕ್ಕೆ ಮುಂಚಿನ ನೀರು ದನಕ್ಕಾದರೂ ಗಿಡಕ್ಕಾದರೂ ಸಲ್ಲುವುದು. ಸಾಬೂನು ಸೇರಿದ ಮೇಲೆ ಅದನ್ನು ಕಲಗಚ್ಚೆಂದು ದನಕ್ಕೆ ಇಡಬಾರದು. ಅಂಟಿದ್ದನ್ನು ನೆನೆಯಹಾಕಿರಿ. ಲೋಟಗಳು ಮೊದಲು, ತಟ್ಟೆಗಳು ಆಮೇಲೆ, ಎಣ್ಣೆಯ ಬಾಂಡಲೆ ಕಟ್ಟಕಡೆಗೆ; ಹೀಗಾದರೆ ಒಂದು ಬೋಗುಣಿಯ ನೀರು ಬಹಳ ಹೊತ್ತು ಬಾಳುವುದು. ನೀರು ಬಗ್ಗಡವಾಗಿ ತಳ ಕಾಣದಂತಾದರೆ ಚೆಲ್ಲಿ ಬೇರೆ ತುಂಬಿರಿ, ಅಲ್ಲಿ ಜಿಪುಣತನ ಸಲ್ಲದು. ಎರಡನೆಯ ಬೋಗುಣಿಯಲ್ಲಿ ಜಾಲಿಸಿ, ಕೊನೆಗೊಮ್ಮೆ ಹೊಸ ನೀರನ್ನು ಹೊಯ್ಯಿರಿ. ಒದ್ದೆಯ ಪಾತ್ರೆಗಳನ್ನು ಒಂದರೊಳಗೊಂದು ಪೇರಿಸದೆ ಗಾಳಿಗೆ ಇಡಿರಿ.

ಕೊನೆಯದಾಗಿ ಒಂದು ಮಾತು. ನಗರದ ಅನೇಕ ಮನೆಗಳಲ್ಲಿ ಈ ಕೆಲಸವನ್ನು ಮಾಡುವವರು ಮನೆಯವರಲ್ಲ, ಕೂಲಿಗೆ ಬರುವ ಹೆಂಗಸರು. ಐದಾರು ಮನೆಗಳ ಮುಸುರೆಯನ್ನು ಒಂದು ಬೆಳಗಿನಲ್ಲಿ ತಿಕ್ಕಬೇಕಾದ ಆಕೆ ನಲ್ಲಿಯನ್ನು ಬಿಟ್ಟುಕೊಂಡರೆ ಅದು ಉದಾಸೀನವಲ್ಲ. ಒಣಗಿ ಗಟ್ಟಿಯಾದ ಪಾತ್ರೆಗಳನ್ನು ಆಕೆಯ ಮುಂದೆ ಒಟ್ಟಿದವರು ನಾವು. ರಾತ್ರಿ ಉಂಡೊಡನೆ ನಮ್ಮ ನಮ್ಮ ತಟ್ಟೆಗಳನ್ನು ಬಳಿದು ಬೋಗುಣಿಯ ನೀರಿನಲ್ಲಿ ಇಡುವುದು ಎರಡು ನಿಮಿಷದ ಕೆಲಸ. ಬೆಳಿಗ್ಗೆ ಆಕೆ ಮೊದಲು ಆ ನೀರನ್ನು ಚೆಲ್ಲಿ ಬೋಗುಣಿಯನ್ನು ತೊಳೆದುಕೊಂಡರಾಯಿತು. ನಮ್ಮ ಎರಡು ನಿಮಿಷದಿಂದ ಆಕೆಯ ಕೈಯ ನೋವೂ, ಬಕೆಟ್ಟುಗಟ್ಟಲೆ ನೀರೂ ಉಳಿಯುವುವು. ತಾವು ತೊಳೆಯದ ಪಾತ್ರೆಯ ವಿಷಯದಲ್ಲಿ ಉಪದೇಶ ಮಾಡುವುದು ಸುಲಭ. ಕೆಲವು ದಿನ ತೊಳೆದ ಮೇಲೆ ನಮಗೂ ಇದು ಅರ್ಥವಾಯಿತು.

ಈ ತೀರ್ಪನ್ನು ಮೊನ್ನೆ ಬೈರಾಪಟ್ಟಣಕ್ಕೆ ಹೋದಾಗ ಒಪ್ಪಿಸಿದೆವು. ಕೊಳೆ ಬಿಡಿಸುವುದಕ್ಕೆ ಸೊಸೆಯ ಬೋಗುಣಿ, ಕಡೆಗೆ ಹೊಯ್ಯುವುದಕ್ಕೆ ಅತ್ತೆಯವರ ಹೊಸ ನೀರು ಎಂದು ವಿವರಿಸಿದೆವು. ಅತ್ತೆಯವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಇಷ್ಟು ಹೇಳೋಕೆ ಇಷ್ಟು ದಿನ ಓದಬೇಕಾಯ್ತೇನಪ್ಪ? ನಮ್ಮತ್ತೆ ಕಾಲದಲ್ಲಿ ಬಾನಿ ಇಟ್ಕೊಂಡು ನಾವು ಮಾಡ್ತಿದ್ದದ್ದೇ ಇದು” ಎಂದು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾವು ಹಿತ್ತಲಿಗೆ ಕೈತೊಳೆಯಲು ಹೋದಾಗ ನೀಲಿಯ ಬೋಗುಣಿಯ ಪಕ್ಕದಲ್ಲಿ ಹಳೆಯ ಹಿತ್ತಾಳೆಯ ಚೊಂಬೊಂದು ನೀರು ತುಂಬಿ ಕುಳಿತಿದ್ದಿತು.